ಕ್ರೂಗರ್ ಸಫಾರಿ: ಕೋಣೆಗಿಂತ ಮೊದಲು ಗೇಟು ನೋಡಿ

ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನ ದಕ್ಷಿಣೋತ್ತರವಾಗಿ ಸುಮಾರು 360 ಕಿ.ಮೀ. ಚಾಚಿಕೊಂಡಿದೆ. ಬಂಡೀಪುರ, ನಾಗರಹೊಳೆಯಲ್ಲಿ ನಿಗದಿತ ಸಫಾರಿ ವಾಹನವನ್ನೇ ಹತ್ತಬೇಕು. ಇಲ್ಲಿ ಬಾಡಿಗೆ ಕಾರು ಹಿಡಿದು ನೀವೇ ಕಾಡು ಸುತ್ತಬಹುದು. ವಾಹನಗಳು ಎಡಬದಿಯಲ್ಲೇ ಓಡುವುದರಿಂದ ನಮ್ಮವರಿಗೆ ಅಷ್ಟು ಕಷ್ಟವಾಗದು. ಆದರೆ ಇಷ್ಟು ದೊಡ್ಡ ಕಾಡಿನಲ್ಲಿ ಎಲ್ಲಿ ಉಳಿಯುತ್ತೀರೋ ಅದರ ಮೇಲೆಯೇ ಏನು ಕಾಣುತ್ತೀರಿ ಎಂಬುದು ನಿಂತಿದೆ.

ಮೊದಲು ಕಾಡಿನ ಭಾಗವನ್ನು ಆರಿಸಿಕೊಳ್ಳಿ. ಮೊದಲ ಸಲ ಹೋಗುವವರಿಗೆ ದಕ್ಷಿಣ ಭಾಗವೇ ಸರಿ. ಸಾಬೀ ನದಿಯ ದಡದ ಸ್ಕುಕುಜಾ, ಲೋವರ್ ಸಾಬೀ ವಸತಿ ಶಿಬಿರಗಳ ಸುತ್ತ ಪ್ರಾಣಿಗಳೂ ಹೆಚ್ಚು, ರಸ್ತೆಗಳೂ ಹೆಚ್ಚು. ಸಿಂಹಗಳ ಆಸೆಯಿದ್ದರೆ ಮಧ್ಯಭಾಗದ ಹುಲ್ಲುಗಾವಲಿನ ಸತಾರಾ ಶಿಬಿರ. ಉತ್ತರದ ಮೊಪಾನೆ ಮರಗಳ ಕಾಡು ಪಕ್ಷಿಪ್ರಿಯರಿಗೆ, ನಿಶ್ಶಬ್ದ ಬಯಸುವವರಿಗೆ.

ಮುಂದಿನ ಪ್ರಶ್ನೆ: ಒಳಗೋ, ಹೊರಗೋ? ಹೆಚ್ಚಿನವರು ಎಡವುವುದು ಇಲ್ಲೇ. ಹೊರಗಿನ ಹೇಜಿವ್ಯೂ ಪಟ್ಟಣದ ವಸತಿಗೃಹಗಳು ‘ಕ್ರೂಗರ್ ಪಕ್ಕದಲ್ಲೇ’ ಎಂದು ಬರೆದುಕೊಳ್ಳುತ್ತವೆ. ಹತ್ತಿರದ ಫಾಬೇನಿ ಗೇಟು ದೂರವೇನಲ್ಲ, ನಿಜ. ಆದರೆ ಅಲ್ಲಿಂದ ಸ್ಕುಕುಜಾ ಸುಮಾರು 40 ಕಿ.ಮೀ., ಡಾಂಬರು ರಸ್ತೆಯಲ್ಲಿ ವೇಗಮಿತಿ ಗಂಟೆಗೆ 50 ಕಿ.ಮೀ. ಅದಕ್ಕೆ ಗೇಟಿನ ಸಾಲು, ಶುಲ್ಕ, ಅರ್ಜಿ ತುಂಬುವ ಹೊತ್ತನ್ನೂ ಸೇರಿಸಿ. ನವೆಂಬರ್‌ನಿಂದ ಜನವರಿವರೆಗೆ ಉದ್ಯಾನದ ಗೇಟು ತೆರೆಯುವುದು 5.30ಕ್ಕೆ, ಒಳಗಿನ ಶಿಬಿರಗಳ ಗೇಟು 4.30ಕ್ಕೇ ತೆರೆಯುತ್ತದೆ. ರಾತ್ರಿ ಡಾಂಬರಿನ ಬಿಸುಪಿಗೆ ರಸ್ತೆಯ ಮೇಲೇ ಮೈಚೆಲ್ಲಿದ ಸಿಂಹಗಳು ಬಿಸಿಲೇರುವ ಮುನ್ನ ಎದ್ದು ಪೊದೆ ಸೇರುತ್ತವೆ. ಆ ಒಂದು ಗಂಟೆಗಾಗಿಯೇ ಒಳಗೆ ಉಳಿಯಬೇಕು ಎನ್ನುತ್ತೇನೆ ನಾನು, ಕೋಣೆ ಸಾಧಾರಣವಾಗಿದ್ದರೂ ಸರಿ.

ಒಳಗೆ ಎಂದು ನಿರ್ಧರಿಸಿದಿರಾದರೆ ಕೋಣೆಯ ವಿವರವನ್ನು ಸಾಲುಸಾಲಾಗಿ ಓದಿ. ಗುಡಿಸಲಿನಂಥ ಅಗ್ಗದ ಕೋಣೆಗಳಿಗೆ ಅಡುಗೆಮನೆ, ಸ್ನಾನಗೃಹ ಎರಡೂ ಸಾಮೂಹಿಕವಾಗಿರಬಹುದು. ಸಸ್ಯಾಹಾರಿಗಳು ಸ್ವಂತ ಅಡುಗೆ ಸೌಕರ್ಯವಿರುವ ಬಂಗಲೆಯನ್ನೇ ಹಿಡಿಯಿರಿ. ಅಕ್ಕಿ, ಬೇಳೆಯನ್ನು ಹೊರಗಿನ ಪಟ್ಟಣದಲ್ಲೇ ಕೊಂಡರೆ ಅನ್ನ ಸಾರಿಗೆ ಕೊರತೆಯಿಲ್ಲ. ಎಷ್ಟೋ ಕಡೆ ಒಲೆ, ಫ್ರಿಜ್ ಇರುವುದು ಜಗಲಿಯಲ್ಲಿ. ಬಬೂನ್ ಕೋತಿಗಳು ಫ್ರಿಜ್ ಬಾಗಿಲನ್ನು ಸಲೀಸಾಗಿ ತೆರೆಯುತ್ತವೆ. ಹೊರಡುವಾಗ ಚಿಲಕ ಭದ್ರಪಡಿಸಲೇಬೇಕು.

ಪಶ್ಚಿಮದ ಅಂಚಿನ ಸಾಬಿ ಸ್ಯಾಂಡ್ ಖಾಸಗಿ ಮೀಸಲು ಪ್ರದೇಶಕ್ಕೂ ಕ್ರೂಗರ್‌ಗೂ ನಡುವೆ ಬೇಲಿಯಿಲ್ಲ. ಅಲ್ಲಿನ ಮಾರ್ಗದರ್ಶಕರು ರಸ್ತೆ ಬಿಟ್ಟು ಚಿರತೆಯ ಹಿಂದೆಯೇ ಜೀಪು ಇಳಿಸಬಲ್ಲರು. ದುಬಾರಿ, ಆದರೆ ಊಟ, ಸಫಾರಿ ಸಾಮಾನ್ಯವಾಗಿ ಬೆಲೆಯಲ್ಲೇ ಸೇರಿರುತ್ತವೆ. ಕೈಯಲ್ಲಿ ಹಣವಿದ್ದರೆ ಪ್ರವಾಸದ ಕೊನೆಗೆ ಎರಡು ರಾತ್ರಿ ಸಾಕು.

ದೊಡ್ಡ ಕುಟುಂಬವಾದರೆ ಕ್ರೊಕೊಡೈಲ್ ನದಿಯ ದಕ್ಷಿಣ ದಡದ ಮಾರ್ಲೋತ್ ಪಾರ್ಕ್‌ನಲ್ಲಿ ಇಡೀ ಮನೆಯೇ ಬಾಡಿಗೆಗೆ ಸಿಗುತ್ತದೆ. ಉದ್ಯಾನದ ದಿನದ ಪ್ರವೇಶ ಶುಲ್ಕ ಮಾತ್ರ ಒಳಗಿದ್ದರೂ ಹೊರಗಿದ್ದರೂ ತಲೆಗೆ ಇಷ್ಟೆಂದು ಕಟ್ಟಬೇಕು; ಬೆಲೆ ಹೋಲಿಸುವಾಗ ಮರೆಯಬೇಡಿ.

ಮೇನಿಂದ ಸೆಪ್ಟೆಂಬರ್‌ವರೆಗಿನ ಒಣ ಹವೆಯಲ್ಲಿ ಪ್ರಾಣಿಗಳು ನೀರಿನ ಬಳಿ ಸುಲಭವಾಗಿ ಕಾಣುತ್ತವೆ, ಸೊಳ್ಳೆಯೂ ಕಡಿಮೆ. ಇದು ಮಲೇರಿಯಾ ಪ್ರದೇಶವಾದ್ದರಿಂದ ವೈದ್ಯರನ್ನು ಕಂಡೇ ಹೊರಡಿ. ಅಲ್ಲಿನ ಶಾಲಾ ರಜೆಯಲ್ಲಿ ಶಿಬಿರಗಳು ಬಹಳ ಮೊದಲೇ ಭರ್ತಿಯಾಗುತ್ತವೆ, ತಿಂಗಳುಗಟ್ಟಲೆ ಮುಂಚೆಯೇ ಕಾಯ್ದಿರಿಸಿ. ಹೊರಗೇ ಉಳಿಯುವುದಾದರೆ ಹಣ ಕಟ್ಟುವ ಮುನ್ನ ಮಾಲೀಕರಿಗೆ ಬರೆದು ಕೇಳಿ: ಹತ್ತಿರದ ಗೇಟು ಯಾವುದು, ಅದಕ್ಕೆ ಎಷ್ಟು ಕಿ.ಮೀ., ನಸುಕಿನಲ್ಲೇ ಹೊರಡುವವರಿಗೆ ತಿಂಡಿ ಕಟ್ಟಿಕೊಡುತ್ತೀರಾ?