ಟಬ್ ಮತ್ತು ಶವರ್ ಜೋಡಣೆಗೆ ನೀರಿನ ಒತ್ತಡದ ಲೆಕ್ಕ

ಬಚ್ಚಲುಮನೆಯಲ್ಲಿ ಟಬ್ಬನ್ನೂ ಅದರ ಮೇಲೆ ಶವರನ್ನೂ ಕೂಡಿಸಬೇಕೆಂದಿರುವವರು ಟೈಲ್ಸ್ ಆರಿಸುವುದಕ್ಕೆ ಮೊದಲು, ತಾರಸಿಯ ಟ್ಯಾಂಕಿನ ತಳ ಶವರಿಗಿಂತ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಬೇಕು. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ ದೊರೆಯುತ್ತದೆ. ಮೇಲಂತಸ್ತಿನ ಬಚ್ಚಲಿಗೆ 2 ಮೀಟರ್ ಸಿಕ್ಕರೆ 0.2 ಬಾರ್ ಮಾತ್ರ. ಅಷ್ಟರಲ್ಲಿ ಟಬ್ ನಿಧಾನವಾಗಿಯಾದರೂ ತುಂಬೀತು, ಆದರೆ ಅಗಲವಾದ ರೇನ್ ಶವರ್ ತೊಟ್ಟಿಕ್ಕುವುದಷ್ಟೇ. ಆಗ ನೀರಿನ ಒತ್ತಡ ಹೆಚ್ಚಿಸುವ ಪ್ರೆಷರ್ ಪಂಪ್ ಅನಿವಾರ್ಯ. ಅದನ್ನು ಟ್ಯಾಂಕಿನಿಂದ ಹೊರಡುವ ಪೈಪಿಗೆ, ಗೀಸರಿನ ಲೈನು ಕವಲೊಡೆಯುವ ಮುನ್ನವೇ ಜೋಡಿಸಬೇಕು. ತಣ್ಣೀರಿಗೆ ಮಾತ್ರ ಜೋಡಿಸಿದರೆ ಬಿಸಿನೀರೂ ತಣ್ಣೀರೂ ಬೆರೆಯುವ ನಲ್ಲಿಯಾದ ಮಿಕ್ಸರಿನಲ್ಲಿ ತಣ್ಣೀರು ಬಿಸಿನೀರನ್ನು ಹಿಂದಕ್ಕೆ ತಳ್ಳುತ್ತದೆ. ಗೀಸರ್ ಎಷ್ಟು ಬಾರ್ ತಾಳಬಲ್ಲದೆಂಬುದನ್ನೂ ನೋಡಿಕೊಳ್ಳಿ. ಮುಖ್ಯ ಪೈಪು 1 ಇಂಚು, ಬಚ್ಚಲೊಳಗಿನದು ಮುಕ್ಕಾಲು ಇಂಚು ಇರಲಿ.