ಕ್ಯಾಪ್ ರಿವಾಲ್ವರಿನ ದುರಸ್ತಿ ಮತ್ತು ಬಿಡಿಭಾಗಗಳ ಆಯ್ಕೆ

ಹಳೆಯ ಮಾದರಿಯ ಕ್ಯಾಪ್ ರಿವಾಲ್ವರನ್ನು, ಅಂದರೆ ಕೋಣೆಗಳಲ್ಲಿ ತುಂಬಿದ ಕರಿಮದ್ದನ್ನು ‘ಕ್ಯಾಪ್’ ಎಂಬ ಚಿಕ್ಕ ಲೋಹದ ಸಿಡಿಟೋಪಿಯಿಂದ ಹೊತ್ತಿಸುವ ಕೈಕೋವಿಯನ್ನು, ಬಿಚ್ಚುವ ಮೊದಲು ಅದರಲ್ಲಿ ಮದ್ದು ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಸಿಲಿಂಡರಿನ ಹಿಂಬದಿಯಲ್ಲಿ ಕ್ಯಾಪ್ ಕೂರುವ ಚಿಕ್ಕ ಕೊಳವೆಗಳಾದ ನಿಪ್ಪಲ್‌ಗಳ ಮೇಲೆ ಕ್ಯಾಪ್ ಇಲ್ಲವೆಂದು ಮೊದಲು ನೋಡಿ, ಬಳಿಕ ಸಿಲಿಂಡರಿನ ಪ್ರತಿಯೊಂದು ಕೋಣೆಗೂ ಮುಂದಿನಿಂದ ತೆಳುವಾದ ಮರದ ಕಡ್ಡಿ ಇಳಿಸಿ, ಎಲ್ಲದರ ಆಳವನ್ನೂ ಸಿಲಿಂಡರಿನ ಉದ್ದಕ್ಕೆ ಹೋಲಿಸಬೇಕು. ಯಾವುದಾದರೂ ಕೋಣೆಯಲ್ಲಿ ಕಡ್ಡಿ ಮಧ್ಯದಲ್ಲೇ ನಿಂತರೆ ಕೆಲಸ ಅಲ್ಲಿಗೇ ನಿಲ್ಲಿಸಿ ಅನುಭವಿ ಕೋವಿ ಕುಶಲಕರ್ಮಿಗೆ ಒಪ್ಪಿಸುವುದೇ ಸರಿ. ಕರಿಮದ್ದು ದಶಕಗಳ ನಂತರವೂ ಹೊತ್ತಿಕೊಳ್ಳಬಲ್ಲದು.

ಮುಂದಿನ ಕೆಲಸ ಗುರುತು ಹಿಡಿಯುವುದು. 1851ರ ಕೋಲ್ಟ್ ನೇವಿ, 1860ರ ಕೋಲ್ಟ್ ಆರ್ಮಿ, 1858ರ ರೆಮಿಂಗ್ಟನ್ ಎಂಬ ಹೆಸರಿನಲ್ಲಿ ಇಂದು ಕೈಗೆ ಸಿಗುವವುಗಳಲ್ಲಿ ಬಹುಪಾಲು ಉಬೆರ್ಟಿ, ಪಿಯೆಟ್ಟಾ ಮುಂತಾದ ಇಟಲಿಯ ತಯಾರಕರ ಪ್ರತಿಕೃತಿಗಳು. ಇವುಗಳ ಮೇಲೆ ಚಿಕ್ಕ ಚೌಕದೊಳಗೆ ತಯಾರಿಕೆಯ ವರ್ಷದ ಸಂಕೇತ ಒತ್ತಿರುತ್ತದೆ; ಉದಾಹರಣೆಗೆ ‘ಎಎ’ ಎಂದರೆ 1975. ಮಾದರಿಯ ಹೆಸರು ಒಂದೇ ಆಗಿದ್ದರೂ ಒಬ್ಬ ತಯಾರಕರ ಭಾಗ ಇನ್ನೊಬ್ಬರದಕ್ಕೆ ನೇರವಾಗಿ ಕೂರುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಭಾಗ ತರಿಸುವಾಗ ತಯಾರಕ, ಮಾದರಿ, ಕ್ಯಾಲಿಬರ್ (ನಳಿಗೆಯ ಒಳವ್ಯಾಸ), ವರ್ಷ ಇವಿಷ್ಟನ್ನೂ ತಿಳಿಸಬೇಕು, ನಿಪ್ಪಲ್ ಬೇಕಿದ್ದರೆ ಅದರ ತಿರುಪಿನ ಎಳೆಯ (ಥ್ರೆಡ್) ಅಳತೆಯನ್ನೂ ಪರೀಕ್ಷಿಸಬೇಕು. ಬ್ಯಾರೆಲ್, ಸಿಲಿಂಡರ್, ಫ್ರೇಮ್‌ಗಳ ಖರೀದಿಗೆ ಪರವಾನಗಿ ಬೇಕೇ ಎಂಬುದು ದೇಶದಿಂದ ದೇಶಕ್ಕೆ ಬೇರೆಯಾಗುವುದರಿಂದ ಅದನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಸ್ಕ್ರೂಗಳನ್ನು ಬಿಚ್ಚಲು ಅವುಗಳ ಸೀಳಿಗೆ ಬಿಗಿಯಾಗಿ ಹೊಂದುವ ಸ್ಕ್ರೂಡ್ರೈವರ್ ಬೇಕು; ಹಿಡಿದುಕೊಂಡ ಸ್ಕ್ರೂಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡುವುದು ಬಲಪ್ರಯೋಗಕ್ಕಿಂತ ಅಗ್ಗ. ಕೋಲ್ಟ್ ಮಾದರಿಯಲ್ಲಿ ಬ್ಯಾರೆಲನ್ನು ಹಿಡಿದಿಟ್ಟಿರುವ ಬೆಣೆಯನ್ನು ಹಿತ್ತಾಳೆ ಅಥವಾ ನೈಲಾನ್ ಸುತ್ತಿಗೆಯಿಂದ ಮಾತ್ರ ತಟ್ಟಬೇಕು.

ಮೇಲ್ಮೈಯ ತುಕ್ಕಿಗೆ ಎಣ್ಣೆಯಲ್ಲಿ ನೆನೆಸಿದ ಅತಿ ನಯವಾದ ಉಕ್ಕಿನ ನಾರು ಸಾಕು. ನಿಜವಾಗಿಯೂ ಹತ್ತೊಂಬತ್ತನೆಯ ಶತಮಾನದ್ದಾಗಿದ್ದರೆ ಅದರ ಕಂದು ಛಾಯೆಯನ್ನು ಉಳಿಸುವುದೇ ಒಳ್ಳೆಯದು, ಏಕೆಂದರೆ ಹೊಳಪು ಕೊಟ್ಟರೆ ಅಕ್ಷರಗಳ ಅಂಚೂ ಸಂಗ್ರಹಕಾರರ ದೃಷ್ಟಿಯಲ್ಲಿ ಅದರ ಬೆಲೆಯೂ ಒಟ್ಟಿಗೇ ಸವೆಯುತ್ತವೆ.

ಒಳಭಾಗಗಳಲ್ಲಿ ಹೆಚ್ಚಾಗಿ ಮುರಿಯುವುದು ಟ್ರಿಗರನ್ನೂ ಸಿಲಿಂಡರಿನ ಬೀಗವನ್ನೂ (ಸಿಲಿಂಡರಿನ ಕಚ್ಚಿಗೆ ಬಿದ್ದು ಅದನ್ನು ತಡೆದು ನಿಲ್ಲಿಸುವ ತುಂಡು) ಒಟ್ಟಿಗೆ ಒತ್ತುವ, ಎರಡು ಕವಲಿನ ಚಪ್ಪಟೆ ಸ್ಪ್ರಿಂಗ್. ಅದನ್ನು ಬದಲಿಸುವುದು ಸುಲಭ. ಆದರೆ ಬೀಗವನ್ನೇ ಬದಲಿಸಬೇಕಾದರೆ, ಹೊಸ ಬೀಗ ಅಳತೆಗಿಂತ ಕೊಂಚ ದಪ್ಪವಾಗಿ ಬರುವುದುಂಟು. ಆಗ ಬೀಗದ ತಲೆಯನ್ನೇ ನಯವಾದ ಅರದಿಂದ ಒಂದೆರಡು ಎಳೆ ಉಜ್ಜಿ, ಕೂರಿಸಿ ನೋಡಿ, ಮತ್ತೆ ಉಜ್ಜಬೇಕೇ ಹೊರತು ಸಿಲಿಂಡರಿನ ಕಚ್ಚನ್ನು ಅಗಲಗೊಳಿಸಬಾರದು. ಹ್ಯಾಮರನ್ನು ಪೂರ್ತಿ ಎತ್ತಿದಾಗ ಬೀಗವು ಪ್ರತಿ ಕಚ್ಚಿನಲ್ಲೂ ಸರಿಯಾಗಿ ಬೀಳದಿದ್ದರೆ, ಅಥವಾ ಸಿಲಿಂಡರ್ ಕೈಯಿಂದ ಅಲ್ಲಾಡಿದರೆ, ಆ ರಿವಾಲ್ವರನ್ನು ಗೋಡೆಗೆ ತೂಗುಹಾಕಬಹುದೇ ವಿನಾ ಹಾರಿಸಬಾರದು.