ಟ್ರೈಲರ್ ಎಳೆಯೋಕೆ ಡೀಸೆಲ್ಲೋ ಪೆಟ್ರೋಲೋ? ನಮ್ಮ ತೋಟದ ಏರು ಹೇಳಿಕೊಟ್ಟ ಲೆಕ್ಕ

ನಮ್ಮ ತೋಟದಲ್ಲಿ ಹಳ್ಳದಿಂದ ಮೇಲಿನ ಬ್ಲಾಕಿಗೆ ಒಂದು ದಾರಿ ಇದೆ. ಅರ್ಧ ಕಿ.ಮೀ. ಕೂಡ ಇಲ್ಲ. ಆದರೆ ನಡುವೆ ಒಂದು ತಿರುವು, ಆ ತಿರುವಿನಲ್ಲೇ ಕಡಿದಾದ ಏರು. ಆರು ಅಡಿ ಮುಂದೆ ಹೋದರೆ ಒಂದಡಿ ಮೇಲೆ. ಮೂರು ವರ್ಷದ ಹಿಂದೆ, ಮೇ ತಿಂಗಳ ಕೊನೆ. ಮಳೆ ಹಿಡಿಯುವ ಮೊದಲು ರೋಗ ತಡೆಯುವ ಬೋರ್ಡೋ ಔಷಧಿ ಹೊಡೆಸಿ ಮುಗಿಸಬೇಕು ಅಂತ ಗಡಿಬಿಡಿ. ಆ ತಿರುವಿನಲ್ಲಿ ನನ್ನ ಪೆಟ್ರೋಲ್ ಗಾಡಿ ನಿಂತುಬಿಟ್ಟಿತು. ಹಿಂದೆ ಟ್ರೈಲರ್, ಅದರ ಮೇಲೆ ನೀರಿನ ಟ್ಯಾಂಕ್. ಕ್ಲಚ್ ಸುಟ್ಟ ವಾಸನೆ ಕಾಫಿ ಗಿಡಗಳ ನಡುವೆಲ್ಲಾ ಹರಡಿತ್ತು. ಇಬ್ಬರು ಓಡಿ ಬಂದು ಚಕ್ರಕ್ಕೆ ಕಲ್ಲು ಕೊಟ್ಟರು. ಟ್ಯಾಂಕಿನ ವಾಲ್ವ್ ತಿರುಗಿಸಿ ಅಷ್ಟೂ ನೀರನ್ನು ರಸ್ತೆಗೆ ಬಿಟ್ಟೆವು. ಆಮೇಲೆ ಗಾಡಿ ಹತ್ತಿತು.

ನಮ್ಮ ತೋಟ ಆಲ್ದೂರಿನಿಂದ 6 ಕಿ.ಮೀ. ಒಳಗೆ. 14 ಎಕರೆ. ಮೇಲೆ ಅರೇಬಿಕಾ, ಕೆಳಗೆ ರೋಬಸ್ಟಾ, ಸಿಲ್ವರ್ ಓಕ್ ಮರಗಳಿಗೆ ಮೆಣಸಿನ ಬಳ್ಳಿ. ಗಾಡಿಗೆ ವರ್ಷದಲ್ಲಿ ಮೂರು ಥರದ ಕೆಲಸ. ಫೆಬ್ರುವರಿ, ಮಾರ್ಚ್‌ನಲ್ಲಿ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಪೈಪು, ಪಂಪು ಸಾಗಿಸಬೇಕು. ಮಳೆಗೆ ಮೊದಲು ಔಷಧಿ ಹೊಡೆಯಲು ನೀರು ಎಳೆಯಬೇಕು. 200 ಲೀಟರ್ ಬ್ಯಾರೆಲ್ಲಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಒಂದು ದಿನಕ್ಕೆ ಎಷ್ಟು ಬ್ಯಾರೆಲ್ ಬೇಕು ಅಂತ ತೋಟ ಇರುವವರಿಗೆ ಗೊತ್ತು. ನವೆಂಬರ್‌ನಿಂದ ಮಾರ್ಚ್‌ವರೆಗೆ ಹಣ್ಣು ಕಣಕ್ಕೆ, ಒಣಗಿದ ಮೇಲೆ ಚೀಲ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ, ಅಂದರೆ ಸಿಪ್ಪೆ ತೆಗೆದು ಬೀಜ ಹಸನು ಮಾಡುವ ಕಾರ್ಖಾನೆಗೆ.

ನಾನು ಮೊದಲು ಪೆಟ್ರೋಲ್ ಗಾಡಿ ತಗೊಂಡಿದ್ದಕ್ಕೆ ಕಾರಣ ಇತ್ತು. ಸಣ್ಣ ಟ್ರಕ್ಕಿಗೆ ಬೆಲೆ ಕಮ್ಮಿ, ಸರ್ವಿಸ್ ಖರ್ಚೂ ಕಮ್ಮಿ. 2020ರ ಏಪ್ರಿಲ್‌ನಲ್ಲಿ ಗಾಡಿ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂದ ಮೇಲೆ ಡೀಸೆಲ್ ಗಾಡಿಗಳಲ್ಲಿ ಹೊಗೆ ಫಿಲ್ಟರ್ ಕಟ್ಟಿಕೊಳ್ಳುತ್ತೆ ಅನ್ನುವ ಮಾತು ಎಲ್ಲರ ಬಾಯಲ್ಲೂ ಇತ್ತು. ಅದನ್ನು ಕೇಳಿ ಹೆದರಿದ್ದೆ. ಖಾಲಿ ಗಾಡಿಗೆ, ಅರ್ಧ ಟನ್ ಲೋಡಿಗೆ, ಟಾರ್ ರಸ್ತೆಗೆ ಆ ಗಾಡಿ ನಿಜಕ್ಕೂ ಚೆನ್ನಾಗಿತ್ತು. ಆಲ್ದೂರಿಗೆ ಗೊಬ್ಬರ ತರಲು ಹೋದರೆ ಬೇಸರವೇ ಆಗುತ್ತಿರಲಿಲ್ಲ. ತಪ್ಪು ಮಾಡಿದ್ದು ಟ್ರೈಲರ್ ಕಟ್ಟಿದಾಗ. ಆ ಗಾಡಿಯ ಕೈಪಿಡಿಯಲ್ಲಿ ಟ್ರೈಲರ್ ಎಳೆಯುವ ಮಾತೇ ಇಲ್ಲ. ಅದನ್ನು ನಾನು ಓದಿದ್ದು ಕ್ಲಚ್ ಪ್ಲೇಟ್ ಹೋದ ಮೇಲೆ. ನೀವು ಹುಕ್ ಹಾಕಿಸುವ ಮೊದಲೇ ಓದಿ.

ಕ್ಲಚ್ ಬದಲಿಸಿದ ಮೆಕ್ಯಾನಿಕ್ ಸಾಬರು ಹಳೆಯ ಪ್ಲೇಟನ್ನು ನನ್ನ ಕೈಗೆ ಕೊಟ್ಟರು. "ಗೌಡ್ರೇ, ಎಂಜಿನ್ದು ತಪ್ಪಿಲ್ಲ. ನೀವು ಅದರ ಕೈಲಿ ಆಗದ ಕೆಲಸ ಕೊಟ್ಟಿದ್ದೀರಿ" ಅಂದರು. ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ಗಾಡಿ, ನಾನು, ಟ್ರೈಲರ್, ಅರ್ಧ ಟ್ಯಾಂಕ್ ನೀರು ಸೇರಿ ಸುಮಾರು 1,900 ಕೆಜಿ. ಆರಕ್ಕೆ ಒಂದರ ಏರಿನಲ್ಲಿ ಒಟ್ಟು ತೂಕದ ಆರನೇ ಒಂದು ಭಾಗ ಹಿಂದಕ್ಕೆ ಜಗ್ಗುತ್ತದೆ. ಅಂದರೆ 300 ಕೆಜಿಗೂ ಜಾಸ್ತಿ. ಮಣ್ಣಿನ ರಸ್ತೆ, ಹೊಂಡ, ಟೈರಿನ ಎಳೆದಾಟ ಎಲ್ಲಾ ಇದರ ಮೇಲೆ.

ಇಲ್ಲಿ ಟಾರ್ಕ್ ಅನ್ನುವ ಮಾತು ಬರುತ್ತದೆ, ಅಂದರೆ ಎಂಜಿನ್ ತಿರುಗಿಸುವ ಬಲ. ಅದನ್ನು ಅಳೆಯುವುದು ನ್ಯೂಟನ್ ಮೀಟರಿನಲ್ಲಿ. ಶೋರೂಮಿನಲ್ಲಿ ಎಲ್ಲರೂ ಕುದುರೆ ಶಕ್ತಿ ಹೇಳುತ್ತಾರೆ. ಏರು ಹತ್ತುವವನು ಕೇಳಬೇಕಾದ್ದು ಟಾರ್ಕ್ ಎಷ್ಟು, ಮತ್ತು ಅದು ಎಷ್ಟು ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಿದಾಗ) ಸಿಗುತ್ತದೆ ಅಂತ. 1.2 ಲೀಟರ್ ಪೆಟ್ರೋಲ್ ಸಣ್ಣ ಟ್ರಕ್ಕಿನಲ್ಲಿ ಸಿಗುವುದು ಸುಮಾರು 104 ನ್ಯೂಟನ್ ಮೀಟರ್, ಅದೂ 3,000 ಆರ್‌ಪಿಎಂ ಹತ್ತಿರ ಹೋದಾಗ. ಎರಡೂವರೆ ಲೀಟರ್ ಆಸುಪಾಸಿನ ಡೀಸೆಲ್ ಪಿಕಪ್‌ಗಳಲ್ಲಿ 200ರಿಂದ 250 ಸಿಗುತ್ತದೆ, 1,500 ಆರ್‌ಪಿಎಂ ಸುತ್ತಮುತ್ತಲೇ. ಇನ್ನೂ ದೊಡ್ಡ ಗಾಡಿಗೆ ಹೋದರೆ ಇಸುಜು ವಿ-ಕ್ರಾಸ್‌ನಲ್ಲಿ 360, ಟೊಯೊಟಾ ಹೈಲಕ್ಸ್ ಮ್ಯಾನ್ಯುಯಲ್‌ನಲ್ಲಿ 420, ಆಟೊಮ್ಯಾಟಿಕ್‌ನಲ್ಲಿ 500. ಈ ಎರಡೂ ಡೀಸೆಲ್ಲೇ. ಭಾರ ಎಳೆಯುವ ದೊಡ್ಡ ಪಿಕಪ್ ಬೇಕು ಅಂದರೆ ನಮ್ಮಲ್ಲಿ ಪೆಟ್ರೋಲಿನ ಆಯ್ಕೆಯೇ ಇಲ್ಲ ಅನ್ನಬಹುದು.

ಪೆಟ್ರೋಲ್ ಎಂಜಿನ್ ಏರಿನಲ್ಲಿ ಎಳೆಯಬೇಕಾದರೆ ಕಿರುಚಬೇಕು. ಆದರೆ ತಿರುವಿನಲ್ಲಿ ನಿಧಾನ ಮಾಡಲೇಬೇಕಲ್ವಾ? ನಿಧಾನ ಆದ ತಕ್ಷಣ ಆರ್‌ಪಿಎಂ ಬೀಳುತ್ತದೆ. ಆರ್‌ಪಿಎಂ ಬಿದ್ದರೆ ಎಳೆತ ಇಲ್ಲ. ಆಗ ಕಾಲು ತಾನಾಗೇ ಹಾಫ್ ಕ್ಲಚ್‌ಗೆ ಹೋಗುತ್ತದೆ, ಅಂದರೆ ಕ್ಲಚ್ ಅರ್ಧ ಒತ್ತಿಕೊಂಡೇ ಓಡಿಸುವುದು. ನನ್ನ ಪ್ಲೇಟ್ ಸುಟ್ಟಿದ್ದು ಹೀಗೆ.

ಇನ್ನೊಂದು ವಿಷಯ ಬಯಲುಸೀಮೆಯವರಿಗೆ ಅಷ್ಟಾಗಿ ತಟ್ಟುವುದಿಲ್ಲ, ನಮಗೆ ತಟ್ಟುತ್ತದೆ. ನಾವಿರುವುದು ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಮೇಲೆ. ಎತ್ತರ ಹೋದಂತೆ ಗಾಳಿ ತೆಳು. ಟರ್ಬೊ ಇಲ್ಲದ ಎಂಜಿನ್ ಇಷ್ಟು ಎತ್ತರದಲ್ಲಿ ತನ್ನ ಶಕ್ತಿಯಲ್ಲಿ ಹೆಚ್ಚುಕಮ್ಮಿ ಹತ್ತನೇ ಒಂದು ಭಾಗ ಕಳೆದುಕೊಳ್ಳುತ್ತದೆ. ಈಗಿನ ಡೀಸೆಲ್ ಪಿಕಪ್‌ಗಳಲ್ಲಿ ಟರ್ಬೊ ಇರುವುದರಿಂದ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ, ಆ ಕೊರತೆ ಗೊತ್ತೇ ಆಗುವುದಿಲ್ಲ. ಬಾಬಾಬುಡನ್‌ಗಿರಿ ಕಡೆ ಹತ್ತಿಸಿ ನೋಡಿದಾಗ ಎರಡು ಗಾಡಿಗಳ ವ್ಯತ್ಯಾಸ ಕಾಲಿಗೇ ಗೊತ್ತಾಯಿತು.

ಹಾಗಂತ ಪೆಟ್ರೋಲ್ ಎಳೆಯುವುದೇ ಇಲ್ಲ ಅಂತಲ್ಲ. ನಮ್ಮ ಅಜ್ಜನ ಹತ್ತಿರ ವಿಲ್ಲೀಸ್ ಜೀಪ್ ಇತ್ತು, ಪೆಟ್ರೋಲಿನದು. ಅದು ಇದೇ ಏರಿನಲ್ಲಿ ಮರದ ದಿಮ್ಮಿ ಎಳೆದಿದೆ ಅಂತ ಅಪ್ಪ ಈಗಲೂ ಹೇಳುತ್ತಾರೆ. ಅದರಲ್ಲಿ ಲೋ ಗೇರ್ ಇತ್ತು. ಗೇರು ಎಂಜಿನ್ನಿನ ಬಲವನ್ನು ಹಲವು ಪಟ್ಟು ಮಾಡಿ ಚಕ್ರಕ್ಕೆ ಕೊಡುತ್ತದೆ. ಆಮೇಲೆ ಪೆಟ್ರೋಲ್ ಖರ್ಚು ತಡೆಯಲಾಗದೆ ಅದೇ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿದರು. ಅಮೆರಿಕದಲ್ಲಿರುವ ನನ್ನ ಚಿಕ್ಕಪ್ಪನ ಮಗ ಪೆಟ್ರೋಲ್ ಪಿಕಪ್ಪಿನಲ್ಲೇ ದೋಣಿ ಎಳೆಯುತ್ತಾನೆ. ಅದು ಫೋರ್ಡ್ ಎಫ್-150, ಮೂರೂವರೆ ಲೀಟರ್, ಎರಡು ಟರ್ಬೊ, 670ಕ್ಕೂ ಜಾಸ್ತಿ ನ್ಯೂಟನ್ ಮೀಟರ್. ಅಲ್ಲಿ ಡೀಸೆಲ್ ಬೆಲೆ ಸಾಮಾನ್ಯವಾಗಿ ಪೆಟ್ರೋಲಿಗಿಂತ ಜಾಸ್ತಿ. ಅವನ ಲೆಕ್ಕ ಅವನಿಗೆ ಸರಿ. ಅಲ್ಲಿನ ವಿಡಿಯೋ ನೋಡಿ ನಾವು ಇಲ್ಲಿ ತೀರ್ಮಾನ ಮಾಡಿದರೆ ಮಾತ್ರ ಎಡವುತ್ತೇವೆ.

ದುಡ್ಡಿನ ಲೆಕ್ಕ ನನಗೇ ಆಶ್ಚರ್ಯ ತಂದಿತು. ಡೀಸೆಲ್ ಅಂದರೆ ಉಳಿತಾಯ ಅಂತ ನಾವೆಲ್ಲಾ ನಂಬಿಕೊಂಡು ಬಂದಿದ್ದೇವೆ. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಬೆಲೆಯ ಮೇಲಿನ ಸರಕಾರದ ಹಿಡಿತ ತೆಗೆಯುವ ಮೊದಲು ಆ ಮಾತಿಗೆ ಅರ್ಥ ಇತ್ತು. ನಾನು ಎರಡನೇ ಗಾಡಿ ನೋಡುವಾಗ ನಮ್ಮ ಕಡೆ ಪೆಟ್ರೋಲ್ 103ರ ಆಸುಪಾಸು, ಡೀಸೆಲ್ 91. ವ್ಯತ್ಯಾಸ 12 ರೂಪಾಯಿ. ನನ್ನ ಓಡಾಟ ವರ್ಷಕ್ಕೆ 9,000 ಕಿ.ಮೀ. ಡೀಸೆಲ್ ಗಾಡಿ ಲೋಡು, ಖಾಲಿ ಸೇರಿ ಲೀಟರಿಗೆ 12 ಕಿ.ಮೀ. ಕೊಟ್ಟರೆ ವರ್ಷಕ್ಕೆ 750 ಲೀಟರ್, ಸುಮಾರು 68,000 ರೂಪಾಯಿ. ಪೆಟ್ರೋಲ್ ಗಾಡಿ 11 ಕೊಡುತ್ತಿತ್ತು, ಅದಕ್ಕೆ 84,000. ಉಳಿಯುವುದು 16,000. ಎರಡು ಗಾಡಿಗಳ ಬೆಲೆಯಲ್ಲಿ 3 ಲಕ್ಷ ವ್ಯತ್ಯಾಸ. ಅದನ್ನು ಎಣ್ಣೆಯಲ್ಲೇ ವಾಪಸ್ ಪಡೆಯಬೇಕಾದರೆ 18 ವರ್ಷ ಮೀರುತ್ತದೆ. ಡೀಸೆಲ್‌ನ ಎಂಜಿನ್ ಆಯಿಲ್ ಜಾಸ್ತಿ ಬೇಕು, ಫಿಲ್ಟರ್ ದುಬಾರಿ, ಇಂಜೆಕ್ಟರ್ ಕೆಟ್ಟರೆ ಇನ್ನೂ ದುಬಾರಿ. ಆದ್ದರಿಂದ ವರ್ಷಕ್ಕೆ ಹತ್ತು ಸಾವಿರ ಕಿ.ಮೀ. ಕೂಡ ಓಡಿಸದವರು ಉಳಿತಾಯಕ್ಕೆ ಅಂತ ಡೀಸೆಲ್ ತಗೊಳ್ಳಬೇಡಿ. ಎಳೆಯುವ ಕೆಲಸ ಇದ್ದರೆ ತಗೊಳ್ಳಿ.

ನನಗೆ ಎಳೆಯುವ ಕೆಲಸ ಇತ್ತು. ಕಾಫಿಗೆ ಒಳ್ಳೆ ಬೆಲೆ ಬಂದ ವರ್ಷ ಡೀಸೆಲ್ ಪಿಕಪ್ ತಗೊಂಡೆ. ಟ್ಯಾಂಕ್ ತುಂಬಾ 1,000 ಲೀಟರ್ ನೀರು, ಟ್ರೈಲರಿನ ತೂಕ 400 ಕೆಜಿ. ಅದೇ ತಿರುವು. ಫಸ್ಟ್ ಗೇರ್‌ನಲ್ಲಿ ಆಕ್ಸಿಲರೇಟರ್ ಮೇಲೆ ಕಾಲು ಸುಮ್ನೆ ಇಟ್ಟಿದ್ದೆ, ಅಷ್ಟೇ. ಗಾಡಿ ಎತ್ತಿನ ಹಾಗೆ ನಡೆದುಕೊಂಡು ಹೋಯಿತು. ಹಿಂದೆ ಬರುತ್ತಿದ್ದ ಮೇಸ್ತ್ರಿ ಕೈಯಲ್ಲಿ ಹಿಡಿದಿದ್ದ ಕಲ್ಲನ್ನು ಪಕ್ಕಕ್ಕೆ ಹಾಕಿದರು.

ಹೆದರಿದ್ದ ವಿಷಯವೂ ಬಂತು. ನಾಲ್ಕನೇ ತಿಂಗಳಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಫಿಲ್ಟರ್ ದೀಪ ಹತ್ತಿಕೊಂಡಿತು. ಡೀಸೆಲ್ ಹೊಗೆಯ ಮಸಿಯನ್ನು ಸೈಲೆನ್ಸರ್ ದಾರಿಯಲ್ಲಿ ಹಿಡಿದಿಡುವ ಡಬ್ಬ ಇದು, ಡಿಪಿಎಫ್ ಅನ್ನುತ್ತಾರೆ. ಹಿಡಿದಿಟ್ಟ ಮಸಿಯನ್ನು ಅದು ಆಗಾಗ ತಾನೇ ಸುಟ್ಟುಕೊಳ್ಳಬೇಕು. ಅದಕ್ಕೆ ಒಳಗೆ 550ರಿಂದ 600 ಡಿಗ್ರಿ ಬಿಸಿ ಬೇಕು. ತೋಟದೊಳಗೆ ಎರಡು ಕಿ.ಮೀ. ಓಡಿಸಿ ಆಫ್ ಮಾಡಿ, ಮತ್ತೆ ಒಂದು ಕಿ.ಮೀ. ಓಡಿಸಿ ಆಫ್ ಮಾಡಿದರೆ ಅಷ್ಟು ಬಿಸಿ ಎಲ್ಲಿಂದ ಬರಬೇಕು? ನಾನು ಮಾಡುತ್ತಿದ್ದದ್ದು ಅದೇ. ವರ್ಕ್‌ಶಾಪಿನಲ್ಲಿ ಕಂಪ್ಯೂಟರ್ ಹಾಕಿ ಸುಡಿಸಿಕೊಟ್ಟರು. ಒಂದು ದಿನ ಹಾಳಾಯಿತು, ಅದೂ ಹಣ್ಣು ಕೊಯ್ಲಿನ ಸಮಯ.

ಅಂದಿನಿಂದ ಒಂದು ಕ್ರಮ ಮಾಡಿಕೊಂಡಿದ್ದೇನೆ. ಚಿಕ್ಕಮಗಳೂರಿಗೆ ನಮಗೆ ಒಂದು ಕಡೆಗೆ ಸುಮಾರು 25 ಕಿ.ಮೀ. ಬ್ಯಾಂಕು, ಗೊಬ್ಬರ, ಕ್ಯೂರಿಂಗ್, ಎಲ್ಲವನ್ನೂ ವಾರದ ಒಂದು ದಿನಕ್ಕೆ ಕಟ್ಟುತ್ತೇನೆ. ಹೋಗುವಾಗ ಒಂದು ಗೇರ್ ಕೆಳಗೇ ಇಟ್ಟು 2,000 ಆರ್‌ಪಿಎಂ ಮೇಲೆ ಓಡಿಸುತ್ತೇನೆ. ನಡುವೆ ಆಫ್ ಮಾಡುವುದಿಲ್ಲ. ಆಮೇಲೆ ಆ ದೀಪ ಬಂದಿಲ್ಲ. ಡಿಪಿಎಫ್‌ಗೆ ಹೊಂದುವ, ಬೂದಿ ಕಮ್ಮಿ ಬಿಡುವ ಆಯಿಲನ್ನೇ ಹಾಕಿಸಬೇಕು, ಕಮ್ಮಿ ಬೆಲೆಗೆ ಸಿಕ್ಕಿದ್ದನ್ನಲ್ಲ. ಡಿಪ್ ಸ್ಟಿಕ್ ಎಳೆದಾಗ ಆಯಿಲ್ ಮಟ್ಟ ಮೊದಲಿಗಿಂತ ಏರಿದ್ದರೆ ಖುಷಿಪಡಬೇಡಿ. ಮಸಿ ಸುಡಲೆಂದು ಜಾಸ್ತಿ ಬಿಟ್ಟ ಡೀಸೆಲ್, ಕೆಲಸ ಅರ್ಧಕ್ಕೆ ನಿಂತಾಗ ಆಯಿಲಿಗೆ ಇಳಿದಿರುತ್ತದೆ. ಆಯಿಲ್ ಬದಲಿಸಿ.

ತೋಟದವರು ಮರೆಯಲೇಬಾರದ್ದು ಇನ್ನೊಂದಿದೆ. ಮಸಿ ಸುಡುವಾಗ ಸೈಲೆನ್ಸರ್ ವಿಪರೀತ ಕಾಯುತ್ತದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಸಿಲ್ವರ್ ಓಕ್ ತರಗೆಲೆ ದಾರಿ ತುಂಬಾ ಬಿದ್ದಿರುತ್ತದೆ. ಅದರ ಮೇಲೆ ಗಾಡಿ ನಿಲ್ಲಿಸಬೇಡಿ. ಕಣದ ಪಕ್ಕದ ಬರಿಮಣ್ಣಿನಲ್ಲೇ ನಿಲ್ಲಿಸಿ. ನಾನು ಆಳುಗಳಿಗೂ ಇದನ್ನು ಗಟ್ಟಿಯಾಗಿ ಹೇಳಿದ್ದೇನೆ.

ಮಳೆಗಾಲದಲ್ಲಿ ಡೀಸೆಲ್ ಫಿಲ್ಟರಿನ ಕೆಳಗಿನ ನೀರನ್ನು ಬಿಟ್ಟುಕೊಳ್ಳುವುದು ಎರಡು ನಿಮಿಷದ ಕೆಲಸ. ಪೆಟ್ರೋಲಿಗೂ ಈಗ ನೀರಿನ ಕಾಟ ಇದೆ. ಶೇ. 20 ಎಥನಾಲ್ ಬೆರೆಸಿದ್ದು ಬರುತ್ತಿದೆ, ಎಥನಾಲ್ ನೀರು ಹೀರುತ್ತದೆ. ಜುಲೈನಲ್ಲಿ ವಾರಗಟ್ಟಲೆ ನಿಲ್ಲಿಸುವ ಪೆಟ್ರೋಲ್ ಗಾಡಿಯ ಟ್ಯಾಂಕ್ ತುಂಬಿಸಿಟ್ಟರೆ ಒಳ್ಳೆಯದು.

ಎಂಜಿನ್ ಯಾವುದಾದರೂ ಸರಿ, ಟ್ರೈಲರ್ ಕಟ್ಟುವ ಕ್ರಮ ಒಂದೇ. ಟ್ರೈಲರಿನ ಒಟ್ಟು ತೂಕದ ಸುಮಾರು ಹತ್ತನೇ ಒಂದು ಭಾಗ ಹುಕ್ಕಿನ ಮೇಲೆ ಕೂರಬೇಕು. ಟ್ಯಾಂಕನ್ನು ಆಕ್ಸಲ್‌ಗಿಂತ ತುಸು ಮುಂದಕ್ಕೆ ಇಡಿ. ಹಿಂದೆ ಭಾರವಾದರೆ ಟ್ರೈಲರ್ ಹಾವಿನ ಥರ ಆಡುತ್ತದೆ. ಟ್ಯಾಂಕ್ ತುಂಬಿರಲಿ ಅಥವಾ ಪೂರ್ತಿ ಖಾಲಿ ಇರಲಿ. ಅರ್ಧ ನೀರು ತಿರುವಿನಲ್ಲಿ ಅಲೆದಾಡಿ ಗಾಡಿಯನ್ನೇ ಪಕ್ಕಕ್ಕೆ ಎಳೆಯುತ್ತದೆ. ನಾನು ಅರ್ಧ ಟ್ಯಾಂಕ್ ಹಗುರ ಅಂದುಕೊಂಡಿದ್ದೆ, ಅದೇ ಅಪಾಯ. ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಿರಿ. ಬರೀ ಬ್ರೇಕ್ ನಂಬಿದರೆ ಚಾರ್ಮಾಡಿ ಘಾಟಿಯಲ್ಲಿ ಬರುವ ಆ ಸುಟ್ಟ ವಾಸನೆ ನಿಮ್ಮ ತೋಟದಲ್ಲೂ ಬರುತ್ತದೆ. ಟ್ರೈಲರನ್ನು ಸಾರ್ವಜನಿಕ ರಸ್ತೆಗೆ ತರುವುದಾದರೆ ಅದಕ್ಕೂ ರಿಜಿಸ್ಟ್ರೇಷನ್, ಇನ್ಶೂರೆನ್ಸ್ ಬೇಕು. ಕಾನೂನಿನಲ್ಲಿ ಟ್ರೈಲರ್ ಕೂಡ ಮೋಟಾರು ವಾಹನವೇ.

ಅರಸೀಕೆರೆಯ ನಮ್ಮ ಭಾವ ಹೋದ ತಿಂಗಳು ಫೋನ್ ಮಾಡಿದ್ದರು. ತೆಂಗಿನಕಾಯಿ ಸಾಗಿಸಲು ನನ್ನಂಥದ್ದೇ ಡೀಸೆಲ್ ತಗೊಳ್ಳಲಾ ಅಂತ. "ಭಾವ, ತೋಟದಿಂದ ಮಾರ್ಕೆಟ್ಟಿಗೆ ಎಷ್ಟು ದೂರ?" ಅಂದೆ. "ನಾಲ್ಕು ಕಿಲೋಮೀಟರ್." "ಏರು?" "ಇಲ್ಲೆಲ್ಲಿ ಏರು ಮಾರಾಯ." "ಟ್ರೈಲರ್?" "ಅದು ಟ್ರ್ಯಾಕ್ಟರಿಗೆ ಇದೆಯಲ್ಲ." ಸಣ್ಣ ಪೆಟ್ರೋಲ್ ಟ್ರಕ್ ತಗೊಳ್ಳಿ ಅಂದೆ. ಮೊನ್ನೆ ಪೂಜೆ ಮಾಡಿಸಿ ಫೋಟೋ ಕಳಿಸಿದ್ದಾರೆ. ನಾನು ಈ ಬೇಸಿಗೆಗೆ ಟ್ರೈಲರಿಗೇ ಪ್ರತ್ಯೇಕ ಬ್ರೇಕ್ ಕೂರಿಸಲು ಚಿಕ್ಕಮಗಳೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಅಳತೆ ಕೊಟ್ಟು ಬಂದಿದ್ದೇನೆ.